ಮರಿ ಮೈ ಕೆರ್ಕೊಳ್ತಿದೆ, ಏನು ಹಚ್ಚಲಿ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದು ವರ್ಷದೊಳಗಿನ ನಾಯಿಮರಿಗಳ ಚರ್ಮದ ಬಗ್ಗೆನೇ. ಕೂದಲು ಉದುರ್ತಿದೆ, ಕೆರೀತಿದೆ, ವಾಸನೆ ಬರ್ತಿದೆ, ಗುಳ್ಳೆ ಎದ್ದಿದೆ, ಮತ್ತೆ ಕೊನೇ ಸಾಲು ಎಲ್ಲರದ್ದೂ ಒಂದೇ, "ಏನು ಹಚ್ಚಲಿ ಹೇಳಿ ಮೇಡಂ". ಹಚ್ಚೋಕೆ ಮುಂಚೆ ಅದು ಏನು ಅಂತ ಗೊತ್ತಾಗ್ಲೇಬೇಕು. ನೋಡೋಕೆ ಒಂದೇ ಥರ ಇರೋ ಎರಡು ಬೋಳು ಜಾಗದಲ್ಲಿ ಒಂದು ತಾನಾಗೇ ವಾಸಿ ಆಗೋದು, ಇನ್ನೊಂದು ಮನೆಮಂದಿಗೆಲ್ಲ ಅಂಟೋದು ಆಗಿರಬಹುದು, ಒಂದಕ್ಕೆ ಜೀವ ಉಳಿಸೋ ಔಷಧಿ ಇನ್ನೊಂದಕ್ಕೆ ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಗತ್ತೆ. ಹಾಗಾಗಿ ಟೆಸ್ಟ್ ಬೇಕಾದ ಕಡೆಯೆಲ್ಲ ಯಾವ ಟೆಸ್ಟ್ ಕೇಳಬೇಕು ಅನ್ನೋದನ್ನೂ ಬರೆದಿದೀನಿ.

ಪ್ರಶ್ನೆ: ನಮ್ಮ ಬ್ರೂನೋಗೆ ನಾಲ್ಕು ತಿಂಗಳು. ಎರಡು ವಾರದಿಂದ ಬಲಗಣ್ಣಿನ ಸುತ್ತ ಕೂದಲು ಉದುರ್ತಿದೆ, ಈಗ ಮುಂಗಾಲಲ್ಲೂ ಹೆಬ್ಬೆರಳ ಉಗುರಿನಷ್ಟು ಜಾಗ ಬೋಳಾಗಿದೆ. ಕೆರ್ಕೊಳ್ಳಲ್ಲ, ಊಟ ಆಟ ಎಲ್ಲ ಚೆನ್ನಾಗೇ ಇದೆ. ಪಕ್ಕದ ಮನೆಯವರು ಇದು ಕಜ್ಜಿ, ಮಗೂಗೆ ಅಂಟತ್ತೆ, ಎಲ್ಲಾದ್ರೂ ಬಿಟ್ಟು ಬನ್ನಿ ಅಂತಿದಾರೆ. ನಮಗೆ ಎರಡು ವರ್ಷದ ಮಗಳಿದಾಳೆ. ಮನೇಲಿ ನಾವು ಹಚ್ಕೊಳ್ಳೋ ಫಂಗಸ್ ಕ್ರೀಮ್ ಇತ್ತು, ಅದನ್ನೇ ಹಚ್ತಿದೀವಿ, ಕೆಂಪು ಸ್ವಲ್ಪ ಕಮ್ಮಿ ಆಗಿದೆ ಅನ್ಸತ್ತೆ.

ಉತ್ತರ: ಮರಿನ ಎಲ್ಲೂ ಬಿಡಬೇಡಿ. ಕ್ರೀಮ್ ಮಾತ್ರ ಇವತ್ತೇ ನಿಲ್ಲಿಸಿ.

ನೀವು ಬರೆದಿರೋ ವಯಸ್ಸು, ಬೋಳಾಗಿರೋ ಜಾಗ, ಕೆರೆತ ಇಲ್ಲದಿರೋದು, ಈ ಮೂರನ್ನೂ ಸೇರಿಸಿ ನೋಡಿದ್ರೆ ಮೊದಲ ಅನುಮಾನ ಬರೋದು ಡೆಮೋಡೆಕ್ಸ್ ಅನ್ನೋ ನುಸಿ ಮೇಲೆ. ಇದು ಹೊರಗಿಂದ ಬಂದು ಹತ್ತಿದ ಹುಳ ಅಲ್ಲ. ಹುಟ್ಟಿದ ಮೊದಲ ಎರಡು ಮೂರು ದಿನದಲ್ಲಿ ಮರಿ ತಾಯಿ ಮೈಗೆ ಅಂಟ್ಕೊಂಡು ಹಾಲು ಕುಡಿಯುವಾಗ ತಾಯಿ ಚರ್ಮದಿಂದ ಮರಿ ಚರ್ಮಕ್ಕೆ ಬರತ್ತೆ, ಆಮೇಲೆ ಜೀವನಪೂರ್ತಿ ಕೂದಲಿನ ಬುಡದಲ್ಲಿ ಒಂದಿಷ್ಟು ಇದ್ದೇ ಇರತ್ತೆ. ಆರೋಗ್ಯವಾಗಿರೋ ನಾಯಿಗಳಲ್ಲೂ ಇರತ್ತೆ, ಯಾರಿಗೂ ಗೊತ್ತಾಗಲ್ಲ ಅಷ್ಟೆ. ಮರಿಯ ರೋಗನಿರೋಧಕ ಶಕ್ತಿ ಇನ್ನೂ ಪೂರ್ತಿ ಬಲಿತಿರಲ್ಲ, ಆ ಸಮಯದಲ್ಲಿ ಈ ನುಸಿ ಸಂಖ್ಯೆ ಮಿತಿ ಮೀರಿ ಕೂದಲಿನ ಬುಡ ಸಡಿಲ ಆಗಿ ಉದುರತ್ತೆ. ಕಣ್ಣಿನ ಸುತ್ತ, ತುಟಿ ಅಂಚು, ಮುಂಗಾಲು, ಹೆಚ್ಚಾಗಿ ಶುರುವಾಗೋದು ಇಲ್ಲೇ. ಇದು ಮನುಷ್ಯರಿಗೆ ಅಂಟಲ್ಲ, ನಿಮ್ಮ ಮಗಳಿಗೂ ಅಂಟಲ್ಲ, ಮನೇಲಿ ಬೇರೆ ದೊಡ್ಡ ನಾಯಿ ಇದ್ರೆ ಅದಕ್ಕೂ ಹೆದರಬೇಕಾಗಿಲ್ಲ.

ಆದ್ರೆ ಇದೆಲ್ಲ ಅನುಮಾನ. ಖಾತ್ರಿ ಮಾಡ್ಕೊಳ್ಳೋಕೆ ಸ್ಕಿನ್ ಸ್ಕ್ರೇಪಿಂಗ್ ಅಂತ ಒಂದು ಟೆಸ್ಟ್ ಇದೆ, ಡಾಕ್ಟ್ರ ಹತ್ರ ನೀವಾಗೇ ಕೇಳಿ ಮಾಡಿಸಿ. ಹೇಗೆ ಮಾಡ್ತಾರೆ ಅಂತ ಗೊತ್ತಿದ್ರೆ ನೋಡಿ ಗಾಬರಿ ಆಗಲ್ಲ. ಬೋಳಾಗಿರೋ ಜಾಗದ ಅಂಚನ್ನ ಎರಡು ಬೆರಳ ಮಧ್ಯೆ ಹಿಂಡಿ, ಒಂದು ಹನಿ ಎಣ್ಣೆ ಹಾಕಿ, ಬ್ಲೇಡಿನ ಮೊಂಡು ಮಾಡಿದ ಅಂಚಿಂದ ಕೂದಲು ಬೆಳೆಯೋ ದಿಕ್ಕಿಗೇ ಮೆಲ್ಲಗೆ ಕೆರೀತಾರೆ, ಸಣ್ಣಗೆ ರಕ್ತ ಜಿನುಗೋ ತನಕ. ರಕ್ತ ಕಂಡ ಕೂಡ್ಲೆ ಅಯ್ಯೋ ಅನ್ನಬೇಡಿ, ನುಸಿ ಇರೋದು ಕೂದಲಿನ ಬುಡದಲ್ಲಿ, ಅಷ್ಟು ಆಳಕ್ಕೆ ಹೋಗದಿದ್ರೆ ಸಿಗಲ್ಲ. ಬ್ಲೇಡಲ್ಲಿ ಬಂದಿದ್ದನ್ನ ಗ್ಲಾಸ್ ಸ್ಲೈಡ್ ಮೇಲೆ ಸವರಿ ಮೈಕ್ರೋಸ್ಕೋಪ್ ಕೆಳಗಿಟ್ರೆ ಉದ್ದುದ್ದ ಚುಟ್ಟದ ಆಕಾರದ, ಮುಂಭಾಗದಲ್ಲಿ ಮೋಟು ಕಾಲಿರೋ ನುಸಿಗಳು ನಿಧಾನಕ್ಕೆ ಅಲ್ಲಾಡ್ತಿರತ್ತೆ. ತೋರಿಸಿ ಅಂತ ಕೇಳಿ. ಒಂದ್ಸಲ ಕಣ್ಣಾರೆ ನೋಡಿದ ಮೇಲೆ ಅಕ್ಕಪಕ್ಕದವರ ಮಾತಿಗೆ ನೀವು ಅಲ್ಲಾಡಲ್ಲ. ಕಣ್ಣಿಗೆ ತುಂಬ ಹತ್ರದ ಜಾಗದಲ್ಲಿ ಬ್ಲೇಡ್ ಬೇಡ ಅನ್ಸಿದ್ರೆ ಕೂದಲು ಕಿತ್ತು ಅದರ ಬುಡ ನೋಡ್ತಾರೆ, ಅದೂ ಸರಿನೇ.

ನಾಲ್ಕು ಜಾಗ ಮೀರದೆ, ಒಂದೊಂದೂ 2.5 ಸೆಂಟಿಮೀಟರ್ ಒಳಗಿದ್ರೆ ಅದನ್ನ ಲೋಕಲೈಸ್ಡ್ ಅಂತಾರೆ. ಇಂಥವು ಬಹುಪಾಲು ಒಂದೆರಡು ತಿಂಗಳಲ್ಲಿ ತಾನಾಗೇ ವಾಸಿ ಆಗತ್ತೆ, ನುಸಿ ಸಾಯಿಸೋ ಔಷಧಿನೂ ಬೇಕಾಗಲ್ಲ. ಜಂತುಹುಳದ ಔಷಧಿ ಟೈಮಿಗೆ ಕೊಡಿ, ವಯಸ್ಸಿಗೆ ತಕ್ಕ ಆಹಾರ ಹೊಟ್ಟೆ ತುಂಬ ಕೊಡಿ, ಎರಡು ವಾರಕ್ಕೊಮ್ಮೆ ಅದೇ ಬೆಳಕಲ್ಲಿ ಅದೇ ಜಾಗದ ಫೋಟೋ ತೆಗೆದಿಡಿ. ಜಾಗಗಳು ಹೆಚ್ತಾ ಹೋದ್ರೆ, ಮುಖ ಪೂರ್ತಿ ಅಥವಾ ಪಾದಕ್ಕೆ ಹಬ್ಬಿದ್ರೆ, ಕೀವು ವಾಸನೆ ಶುರುವಾದ್ರೆ ಅದು ಜನರಲೈಸ್ಡ್, ಆಗ ಟ್ರೀಟ್‌ಮೆಂಟ್ ಬೇಕೇ ಬೇಕು. ಫ್ಲುರಲನರ್, ಅಫಾಕ್ಸೊಲನರ್, ಸರೊಲನರ್ ಅನ್ನೋ ಮಾತ್ರೆಗಳು ಬಂದ ಮೇಲೆ ಈ ಕಾಯಿಲೆ ಚಿಕಿತ್ಸೆ ಎಷ್ಟೋ ಹಗುರ ಆಗಿದೆ, ಹಿಂದೆ ವಾರವಾರ ಅಮಿಟ್ರಾಜ್ ದ್ರಾವಣದಲ್ಲಿ ಮರಿನ ನೆನೆಸಬೇಕಿತ್ತು, ಮರಿ ಮಂಕಾಗಿ ಬಿದ್ಕೊಂಡಿರೋದು. ಆದ್ರೆ ಈ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ, ಹಾಗಾಗಿ ಮರಿಗೆ ಯಾವತ್ತಾದ್ರೂ ಫಿಟ್ಸ್ ಬಂದಿದ್ರೆ ಅದನ್ನ ಡಾಕ್ಟ್ರಿಗೆ ಮೊದಲೇ ಹೇಳಿ. ವಯಸ್ಸು, ತೂಕದ ಮಿತಿ ಪ್ಯಾಕೆಟ್ ಮೇಲೆ ಇರತ್ತೆ, ಅದಕ್ಕಿಂತ ಚಿಕ್ಕ ಮರಿಗೆ ಕೊಡಬಾರದು.

ಈಗ ಕ್ರೀಮ್ ವಿಷಯ. ಫಂಗಸ್ ಕ್ರೀಮ್ ಅಂತ ನಾವು ಕರೆಯೋ ಎಷ್ಟೋ ಟ್ಯೂಬಲ್ಲಿ ಕ್ಲೊಬೆಟಸಾಲ್ ಅಥವಾ ಬೀಟಾಮೆಥಸೋನ್ ಅನ್ನೋ ಸ್ಟೀರಾಯ್ಡ್ ಸೇರಿರತ್ತೆ, ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರ ಓದಿ ನೋಡಿ. ಕೆಂಪು ಕಮ್ಮಿ ಆಗಿರೋದು ಅದರಿಂದಲೇ ಇರಬಹುದು. ಸ್ಟೀರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿನ ಕುಗ್ಗಿಸತ್ತೆ, ಡೆಮೋಡೆಕ್ಸ್‌ಗೆ ಬೇಕಾಗಿರೋದೂ ಅದೇ, ಎರಡು ಜಾಗದಲ್ಲಿದ್ದದ್ದು ಮೈಪೂರ್ತಿ ಹರಡೋಕೆ ದಾರಿ ಆಗತ್ತೆ. ಮರಿ ಅದನ್ನ ನೆಕ್ಕೋದು ಬೇರೆ.

ಇನ್ನೊಂದು ಮಾತು, ಸಣ್ಣ ಮಗು ಇರೋ ಮನೆ ಆದ್ದರಿಂದ ಹುಳಕಡ್ಡಿ ಅಲ್ಲ ಅಂತಾನೂ ಖಾತ್ರಿ ಮಾಡ್ಕೊಳ್ಳಿ. ಅದು ಅಂಟತ್ತೆ. ಅದರ ಟೆಸ್ಟ್ ಬಗ್ಗೆ ಮುಂದೆ ಬರೆದಿದೀನಿ.

ಪ್ರಶ್ನೆ: ರಸ್ತೆ ಬದಿ ಸಿಕ್ಕಿದ ಐದು ತಿಂಗಳ ಹೆಣ್ಣು ಮರಿ, ತಂದು ಮೂರು ವಾರ ಆಯ್ತು. ಹಗಲು ರಾತ್ರಿ ಕೆರೆತ, ನಿದ್ದೆನೇ ಮಾಡಲ್ಲ ಪಾಪ. ಕಿವಿ ಅಂಚಲ್ಲಿ ದಪ್ಪಗೆ ಹಕ್ಕಳೆ ಕಟ್ಟಿದೆ, ಮೊಣಕೈ ಹತ್ರ ಬೋಳು. ಈಗ ನನಗೂ ಅಮ್ಮನಿಗೂ ಕೈ ಮೇಲೆ, ಸೊಂಟದ ಹತ್ರ ಕೆಂಪು ಗುಳ್ಳೆ ಎದ್ದು ರಾತ್ರಿ ಹೊತ್ತು ನವೆ. ಸ್ಕ್ರೇಪಿಂಗ್ ಮಾಡಿಸಿದ್ವಿ, ಏನೂ ಸಿಗಲಿಲ್ಲ ಅಂದ್ರು. ಪರಿಚಯದವರೊಬ್ಬರು ಹಸುಗೆ ಹಾಕೋ ಐವರ್‌ಮೆಕ್ಟಿನ್ ಇಂಜೆಕ್ಷನ್ ತಂದುಕೊಡ್ತೀನಿ, ಒಂದು ಚುಚ್ಚಿದ್ರೆ ಸಾಕು ಅಂತಿದಾರೆ. ಹಾಕಿಸಬಹುದಾ?

ಉತ್ತರ: ಬೇಡ, ಆ ಇಂಜೆಕ್ಷನ್ ಮುಟ್ಟಬೇಡಿ, ಕಾರಣ ಆಮೇಲೆ ಹೇಳ್ತೀನಿ. ನೀವು ವರ್ಣಿಸಿರೋದು ಸಾರ್ಕೋಪ್ಟಿಸ್ ಕಜ್ಜಿಯ ಲಕ್ಷಣ, ಮತ್ತೆ ಮನೆಯವರಿಗೂ ನವೆ ಬಂದಿದೆ ಅನ್ನೋದೇ ದೊಡ್ಡ ಸುಳಿವು. ಈ ನುಸಿ ಡೆಮೋಡೆಕ್ಸ್ ಥರ ಕೂದಲ ಬುಡದಲ್ಲಿ ಸುಮ್ನೆ ಕೂರಲ್ಲ, ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡತ್ತೆ, ಅದಕ್ಕೇ ಅಷ್ಟು ನವೆ. ಸ್ಕ್ರೇಪಿಂಗಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ, ಇಡೀ ಮೈಯಲ್ಲಿ ಕೆಲವೇ ನುಸಿ ಇದ್ರೂ ಈ ಮಟ್ಟದ ಕೆರೆತ ಬರತ್ತೆ, ಬ್ಲೇಡ್ ಆಡಿಸಿದ ಜಾಗದಲ್ಲೇ ಅದು ಇರಬೇಕಲ್ಲ.

ಮನೇಲೇ ಒಂದು ಪರೀಕ್ಷೆ ಮಾಡಿ ನೋಡಿ. ಕೈಗೆ ಗ್ಲೌಸ್ ಹಾಕ್ಕೊಂಡು ಮರಿ ಕಿವಿ ತುದಿನ ಕಿವಿ ಬುಡದ ಕಡೆಗೆ ಮಡಚಿ, ಅಂಚಿಗೆ ಅಂಚು ತಾಗೋ ಹಾಗೆ ಹೆಬ್ಬೆರಳು ತೋರುಬೆರಳಲ್ಲಿ ಸ್ವಲ್ಪ ಹೊತ್ತು ಉಜ್ಜಿ. ಉಜ್ತಿದ್ದ ಹಾಗೇ ಅದೇ ಕಡೆಯ ಹಿಂಗಾಲು ತಾನಾಗೇ ಎದ್ದು ಗಾಳಿಯಲ್ಲೇ ಕೆರೆಯೋಕೆ ಶುರು ಮಾಡಿದ್ರೆ ಅನುಮಾನ ಗಟ್ಟಿ ಆಗತ್ತೆ. ಇದು ನೂರಕ್ಕೆ ನೂರು ಸರಿ ಅಂತಲ್ಲ, ಬೇರೆ ಕಾರಣಕ್ಕೆ ಕಿವಿ ತುರಿಸ್ತಿದ್ರೂ ಹೀಗೆ ಮಾಡಬಹುದು, ಆದ್ರೆ ಮಿಕ್ಕ ಲಕ್ಷಣಗಳ ಜೊತೆ ಸೇರಿಸಿ ನೋಡಿದ್ರೆ ತುಂಬ ಉಪಯೋಗಕ್ಕೆ ಬರತ್ತೆ. ಈ ಲಕ್ಷಣಗಳಿದ್ದು ಸ್ಕ್ರೇಪಿಂಗಲ್ಲಿ ಏನೂ ಸಿಗದಿದ್ರೂ ಸಾರ್ಕೋಪ್ಟಿಸ್ ಅಂತಲೇ ತಿಳ್ಕೊಂಡು ಟ್ರೀಟ್‌ಮೆಂಟ್ ಶುರು ಮಾಡೋದು ಸರಿಯಾದ ಕ್ರಮನೇ, ನಿಮ್ಮ ಡಾಕ್ಟ್ರು ಹಾಗಂದ್ರೆ ಟೆಸ್ಟ್ ಇಲ್ಲದೆ ಯಾಕೆ ಅಂತ ಜಗಳ ಆಡಬೇಡಿ. ಸೆಲಮೆಕ್ಟಿನ್ ಅನ್ನೋ ಸ್ಪಾಟ್ ಆನ್ (ಚರ್ಮದ ಮೇಲೆ ಹನಿಯಾಗಿ ಹಾಕೋ ಔಷಧಿ) ಇದೆ, ಮೇಲೆ ಹೇಳಿದ ಮಾತ್ರೆಗಳಿವೆ. ಮನೇಲಿ ಇನ್ನೊಂದು ನಾಯಿ ಇದ್ರೆ, ಅದು ಕೆರ್ಕೊಳ್ಳದಿದ್ರೂ, ಅದಕ್ಕೂ ಅದೇ ದಿನ ಕೊಡಬೇಕು. ಹಾಸಿಗೆ, ಬೆಲ್ಟು ಎಲ್ಲ ಬಿಸಿನೀರಲ್ಲಿ ಒಗೀರಿ. ನುಸಿ ಸಾಯೋಕೆ ಶುರುವಾದ ಮೇಲೂ ನವೆ ಒಂದೆರಡು ವಾರ ಇರತ್ತೆ, ಯಾಕಂದ್ರೆ ಅದು ನುಸಿಯ ಮಲ ಮೊಟ್ಟೆಗೆ ಚರ್ಮ ತೋರಿಸೋ ಅಲರ್ಜಿ. ಔಷಧಿ ಕೆಲಸ ಮಾಡ್ತಿಲ್ಲ ಅಂತ ಅಷ್ಟರಲ್ಲೇ ಬದಲಾಯಿಸಬೇಡಿ.

ನಿಮಗೆ ಅಂಟಿರೋ ನಾಯಿ ನುಸಿ ಮನುಷ್ಯರ ಚರ್ಮದಲ್ಲಿ ಸಂತಾನ ಮುಂದುವರಿಸಿಕೊಂಡು ಹೋಗಲ್ಲ, ಮರಿ ಗುಣ ಆಗ್ತಾ ಇದ್ದ ಹಾಗೆ ನಿಮ್ಮದೂ ಇಳಿಯತ್ತೆ. ಆದ್ರೂ ಚರ್ಮದ ಡಾಕ್ಟ್ರಿಗೆ ತೋರಿಸಿ, ಮನೇಲಿ ನಾಯಿಗೆ ಕಜ್ಜಿ ಇದೆ ಅಂತ ಮುಚ್ಚಿಡದೆ ಹೇಳಿ.

ಇನ್ನು ಇಂಜೆಕ್ಷನ್. ಐವರ್‌ಮೆಕ್ಟಿನ್ ಕೆಟ್ಟ ಔಷಧಿ ಅಲ್ಲ, ನಾಯಿಗಳಿಗೂ ಕೊಡ್ತಾರೆ, ಆದ್ರೆ ಹಸುಗೆ ಅಂತ ಬರೋ 1 ಪರ್ಸೆಂಟ್ ದ್ರಾವಣದ ಒಂದು ಮಿಲಿಲೀಟರಲ್ಲಿ 10 ಮಿಲಿಗ್ರಾಂ ಔಷಧಿ ಇರತ್ತೆ, ನೂರಾರು ಕೆಜಿ ಪ್ರಾಣಿಗೆ ಲೆಕ್ಕ ಹಾಕಿ ಮಾಡಿದ್ದು ಅದು, ನಾಲ್ಕೈದು ಕೆಜಿ ಮರಿಗೆ ಕಣ್ಣಳತೇಲಿ ಚುಚ್ಚಿದ್ರೆ ಡೋಸ್ ಹಲವು ಪಟ್ಟು ಹೆಚ್ಚಾಗೋದು ಸುಲಭ. ಅದಕ್ಕಿಂತ ಮುಖ್ಯವಾಗಿ, ಕೆಲವು ನಾಯಿಗಳಲ್ಲಿ ಎಂಡಿಆರ್1 ಅನ್ನೋ ಜೀನ್ ಕೆಟ್ಟಿರತ್ತೆ. ಔಷಧಿ ಮಿದುಳಿಗೆ ಹೋಗದಂತೆ ತಡೆಯೋ ಕೆಲಸ ಆ ಜೀನಿಂದು. ಕೋಲಿ ನಾಯಿಗಳಲ್ಲಿ ಇದನ್ನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕ್ಯಾಟ್ರಿನಾ ಮೀಲಿ ಮತ್ತು ತಂಡ 2001ರಲ್ಲಿ ಪತ್ತೆ ಹಚ್ಚಿದ್ರು, ಆಮೇಲೆ ಆಸ್ಟ್ರೇಲಿಯನ್ ಶೆಫರ್ಡ್, ಶೆಟ್ಲೆಂಡ್ ಶೀಪ್‌ಡಾಗ್ ಹೀಗೆ ಹಲವು ತಳಿಗಳಲ್ಲೂ ಸಿಕ್ತು. ಇಂಥ ನಾಯಿಗೆ ಕಜ್ಜಿ ಡೋಸಿನ ಐವರ್‌ಮೆಕ್ಟಿನ್ ಬಿದ್ರೆ ಜೊಲ್ಲು ಸುರಿಯೋದು, ತೂರಾಡೋದು, ಕಣ್ಣು ಕಾಣದಿರೋದು, ಕೋಮಾ ತನಕ ಹೋಗತ್ತೆ. ನಿಮ್ಮ ಮರಿ ಅಪ್ಪ ಅಮ್ಮ ಯಾವ ಜಾತಿ ಅಂತ ಯಾರಿಗೆ ಗೊತ್ತು?

ಪ್ರಶ್ನೆ: ಎಂಟು ತಿಂಗಳ ಚಿನ್ನಿ ಬಾಲದ ಬುಡದಲ್ಲೇ ಕಚ್ಚಿ ಕಚ್ಚಿ ಕೂದಲೆಲ್ಲ ಹೋಗಿದೆ. ಒಂದೇ ಒಂದು ಚಿಗಟನೂ ನಾನು ನೋಡಿಲ್ಲ, ವಾರಕ್ಕೊಂದ್ಸಲ ಚಿಗಟದ ಶಾಂಪೂ ಹಾಕಿ ಸ್ನಾನ ಮಾಡಿಸ್ತೀನಿ. ಆದ್ರೂ ಡಾಕ್ಟ್ರು ಚಿಗಟ ಅಂತಲೇ ಹೇಳ್ತಾರೆ.

ಉತ್ತರ: ಡಾಕ್ಟ್ರು ಹೇಳ್ತಿರೋದು ಸರಿ ಇರೋ ಸಾಧ್ಯತೆನೇ ಹೆಚ್ಚು. ಚಿಗಟದ ಎಂಜಲಿಗೆ ಅಲರ್ಜಿ ಇರೋ ನಾಯಿಗೆ ಮೈತುಂಬ ಚಿಗಟ ಬೇಕಾಗಿಲ್ಲ, ಒಂದೆರಡು ಕಚ್ಚಿದ್ರೆ ಸಾಕು, ಮತ್ತೆ ಅದು ಕಚ್ಚಿ ಕಚ್ಚಿ ನೆಕ್ಕಿ ನೆಕ್ಕಿ ಆ ಚಿಗಟನ ನುಂಗಿಬಿಟ್ಟಿರತ್ತೆ, ನಿಮ್ಮ ಕಣ್ಣಿಗೆ ಬೀಳೋದಾದ್ರೂ ಹೇಗೆ. ಬಾಲದ ಬುಡ, ಸೊಂಟ, ತೊಡೆ ಹಿಂಭಾಗ, ಇಷ್ಟರಲ್ಲೇ ಕೆರೆತ ಅಂದ್ರೆ ಬೇರೆ ಏನಾದ್ರೂ ಅಂತ ಸಾಬೀತಾಗೋ ತನಕ ಅದು ಚಿಗಟ ಅಂತಲೇ ಇಟ್ಕೊಳ್ಳಿ.

ನೋಡಬೇಕಾಗಿರೋದು ಚಿಗಟನ ಅಲ್ಲ, ಅದರ ಹಿಕ್ಕೆನ. ಬಿಳೀ ಟಿಶ್ಯೂ ಒದ್ದೆ ಮಾಡಿ ನೆಲಕ್ಕೆ ಹಾಸಿ, ಚಿನ್ನಿನ ಅದರ ಮೇಲೆ ನಿಲ್ಲಿಸಿ ಬಾಲದ ಬುಡದ ಕೂದಲನ್ನ ಸಣ್ಣ ಹಲ್ಲಿನ ಬಾಚಣಿಗೇಲಿ ಹಿಂದಕ್ಕೆ ಮುಂದಕ್ಕೆ ಬಾಚಿ. ಮೆಣಸಿನ ಪುಡಿ ಥರ ಕರೀ ಕಣಗಳು ಉದುರತ್ತೆ. ಒಂದು ನಿಮಿಷ ಬಿಟ್ಟು ನೋಡಿ. ಕಣದ ಸುತ್ತ ಕೆಂಪುಕಂದು ಬಣ್ಣ ಹರಡಿದ್ರೆ ಅದು ಧೂಳಲ್ಲ, ಚಿಗಟ ಕುಡಿದು ಹಾಕಿದ ರಕ್ತ. ಸ್ನಾನ ಮಾಡಿಸಿದ ಕೂಡ್ಲೆ ನೋಡಿದ್ರೆ ಸಿಗಲ್ಲ, ಸ್ನಾನ ಆಗಿ ನಾಲ್ಕೈದು ದಿನ ಬಿಟ್ಟು ನೋಡಿ.

ಶಾಂಪೂ ಆ ಹೊತ್ತಿಗೆ ಮೈಮೇಲಿರೋ ಚಿಗಟನ ಸಾಯಿಸತ್ತೆ, ಮೈ ಒಣಗಿದ ಮೇಲೆ ಅದರ ಕೆಲಸ ಮುಗೀತು. ಮನೆಯೊಳಗಿನ ಒಟ್ಟು ಚಿಗಟದಲ್ಲಿ ನಾಯಿ ಮೈಮೇಲಿರೋ ದೊಡ್ಡವು ಸುಮಾರು 5 ಪರ್ಸೆಂಟ್ ಮಾತ್ರ, ಮಿಕ್ಕಿದ್ದೆಲ್ಲ ಮೊಟ್ಟೆ, ಮರಿಹುಳ, ಗೂಡು ಕಟ್ಟಿರೋ ಪ್ಯೂಪಾ ಆಗಿ ಹಾಸಿಗೆ, ಸೋಫಾ ಸಂದು, ನೆಲದ ಬಿರುಕಲ್ಲಿ ಇರತ್ತೆ. ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಗೂಡಿನೊಳಗಿರೋದಕ್ಕೆ ಯಾವ ಸ್ಪ್ರೇನೂ ಸರಿಯಾಗಿ ತಾಗಲ್ಲ, ಅದು ಹೊರಗೆ ಬರೋ ತನಕ ಕಾಯಲೇಬೇಕು. ಅದಕ್ಕೇ ತಿಂಗಳ ಮಾತ್ರೆ ಅಥವಾ ಸ್ಪಾಟ್ ಆನ್ ಕಡೇ ಪಕ್ಷ ಮೂರು ತಿಂಗಳು ಬಿಡದೆ ಮುಂದುವರಿಸಬೇಕು, ಮನೇಲಿರೋ ಎಲ್ಲ ನಾಯಿ ಬೆಕ್ಕಿಗೂ. ಬೆಕ್ಕಿಗೆ ಮಾತ್ರ ನಾಯಿ ಔಷಧಿ ಹಾಕಬೇಡಿ, ನಾಯಿ ಸ್ಪಾಟ್ ಆನ್‌ಗಳಲ್ಲಿ ಕೆಲವಲ್ಲಿ ಪರ್ಮೆಥ್ರಿನ್ ಇರತ್ತೆ, ಅದು ಬೆಕ್ಕಿಗೆ ವಿಷ. ನಾಯಿ ಮಲಗೋ ಜಾಗದಲ್ಲಿ ವ್ಯಾಕ್ಯೂಮ್ ಹೊಡೆದು ಅದರ ಕಸನ ಕೂಡ್ಲೆ ಮನೆಯಿಂದಾಚೆ ಹಾಕಿ. ಚಿಗಟ ನುಂಗಿದ ನಾಯಿಗೆ ಲಾಡಿಹುಳ ಬರಬಹುದು, ಅದಕ್ಕೂ ಔಷಧಿ ಕೇಳಿ.

ಪ್ರಶ್ನೆ: ಮೂರು ತಿಂಗಳ ಮರಿ, ಹೊಟ್ಟೆ ಕೆಳಗೆ ಕೂದಲಿಲ್ಲದ ಜಾಗದಲ್ಲಿ ಸಣ್ಣ ಸಣ್ಣ ಕೀವು ಗುಳ್ಳೆ. ಆಂಟಿಬಯೋಟಿಕ್ ಕೊಡಿಸಬೇಕಾ?

ಉತ್ತರ: ಮರಿ ಚುರುಕಾಗಿದ್ದು ಗುಳ್ಳೆ ಅಷ್ಟೇ ಇದ್ರೆ ಸಾಮಾನ್ಯವಾಗಿ ಬೇಡ. ಇದು ಮರಿಗಳ ಇಂಪಟೈಗೋ, ಮೇಲ್ಚರ್ಮದ ಸೋಂಕು. ಕ್ಲೋರ್‌ಹೆಕ್ಸಿಡಿನ್ ಇರೋ ನಾಯಿ ಶಾಂಪೂನ ಆ ಜಾಗಕ್ಕೆ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೀರಿ, ಎರಡು ಮೂರು ದಿನಕ್ಕೊಮ್ಮೆ. ಹತ್ತು ನಿಮಿಷ ಅನ್ನೋದು ಮುಖ್ಯ, ಹಚ್ಚಿ ತಕ್ಷಣ ತೊಳೆದ್ರೆ ಉಪಯೋಗ ಇಲ್ಲ. ಉಚ್ಚೆ ಒದ್ದೆಯಲ್ಲಿ ಮಲಗೋದು ತಪ್ಪಿಸಿ, ಹಾಸಿಗೆ ಒಣಗಿರಲಿ. ವಾರದಲ್ಲಿ ಇಳೀದಿದ್ರೆ ತೋರಿಸಿ. ಗುಳ್ಳೆ ಹಿಂಡಬೇಡಿ.

ಪ್ರಶ್ನೆ: ಒಂಬತ್ತು ವಾರದ ಗೋಲ್ಡನ್ ರಿಟ್ರೀವರ್. ನಿನ್ನೆಯಿಂದ ಮೂತಿ, ಕಣ್ಣುರೆಪ್ಪೆ ಊದಿದೆ, ತುಟಿ ಮೇಲೆ ಕೀವು, ಗದ್ದದ ಕೆಳಗೆ ಎರಡು ಗಡ್ಡೆ. ಮಂಕಾಗಿದೆ. ಜೇನು ಕಚ್ಚಿರಬಹುದಾ?

ಉತ್ತರ: ಈ ಸಂಚಿಕೆ ನಿಮ್ಮ ಕೈಗೆ ಬರೋ ತನಕ ಕಾಯಬಾರದು ಅಂತ ನಿಮಗೆ ಆಗಲೇ ಉತ್ತರ ಕಳಿಸಿದೀನಿ, ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕ್ತಿದೀನಿ. ಜೇನು ಕಚ್ಚಿದ್ರೆ ಥಟ್ಟಂತ ಊದತ್ತೆ, ಒಂದು ದಿನದೊಳಗೆ ಇಳಿಯತ್ತೆ, ಕೀವು ಬರಲ್ಲ, ಗದ್ದದ ಕೆಳಗೆ ಗಡ್ಡೆ ಕಟ್ಟಲ್ಲ. ಮೂರು ವಾರದಿಂದ ನಾಲ್ಕು ತಿಂಗಳ ಒಳಗಿನ ಮರಿಗೆ ಹೀಗಾದ್ರೆ ಜುವೆನೈಲ್ ಸೆಲ್ಯುಲೈಟಿಸ್, ಪಪ್ಪಿ ಸ್ಟ್ರಾಂಗಲ್ಸ್ ಅಂತ ಕರೆಯೋ ಕಾಯಿಲೆ ನೆನಪಿಗೆ ಬರಬೇಕು. ಕೀವು ನೋಡಿ ಬರೀ ಸೋಂಕು ಅಂದ್ಕೊಂಡು ಆಂಟಿಬಯೋಟಿಕ್ ಮಾತ್ರ ಕೊಡ್ತಾ ಕೂತ್ರೆ ಮರಿ ಕೈತಪ್ಪಬಹುದು, ಯಾಕಂದ್ರೆ ಮೂಲದಲ್ಲಿ ಇದು ಮರಿಯ ರೋಗನಿರೋಧಕ ವ್ಯವಸ್ಥೆನೇ ತನ್ನ ಮೈಮೇಲೆ ತಿರುಗಿ ಬಿದ್ದಿರೋದು. ಇಲ್ಲಿ ಸ್ಟೀರಾಯ್ಡೇ ಔಷಧಿ, ಪ್ರೆಡ್ನಿಸೊಲೋನ್, ಸಾಕಷ್ಟು ಡೋಸಲ್ಲಿ, ಕೆಲವು ವಾರ ಕೊಟ್ಟು ನಿಧಾನಕ್ಕೆ ಇಳಿಸ್ಕೊಂಡು ಬರಬೇಕು. ಡೆಮೋಡೆಕ್ಸ್ ಇದ್ರೆ ಸ್ಟೀರಾಯ್ಡಿಂದ ಅದು ಹರಡತ್ತೆ, ಅದಕ್ಕೇ ಕೊಡೋ ಮುಂಚೆ ಅದು ಇಲ್ಲ ಅಂತ ಸ್ಕ್ರೇಪಿಂಗ್ ಮಾಡಿ ನೋಡೋದು. ಬೇಗ ಶುರು ಮಾಡಿದ್ರೆ ಚೆನ್ನಾಗಿ ವಾಸಿ ಆಗತ್ತೆ, ತಡ ಆದ್ರೆ ಮುಖದಲ್ಲಿ ಕಲೆ ಉಳಿಯತ್ತೆ.

ಪ್ರಶ್ನೆ: ಹನ್ನೊಂದು ತಿಂಗಳ ಲ್ಯಾಬ್ರಡಾರ್. ಮುಂಗಾಲಿನ ಪಾದ ಯಾವಾಗಲೂ ನೆಕ್ತಾನೆ, ಕೂದಲು ಕಂದು ಬಣ್ಣಕ್ಕೆ ತಿರುಗಿದೆ. ಕಿವಿ ಸೋಂಕು ವಾಸಿ ಆದಂಗೆ ಆಗಿ ಮತ್ತೆ ಬರತ್ತೆ. ಒಬ್ಬರು ಗ್ರೇನ್ ಫ್ರೀ ಫುಡ್ ಕೊಡಿ ಅಂದ್ರು, ಇನ್ನೊಬ್ಬರು ಚಿಕನ್ ನಿಲ್ಲಿಸಿ ಅಂದ್ರು, ಲ್ಯಾಬಿನವರು ರಕ್ತದಲ್ಲಿ ಫುಡ್ ಅಲರ್ಜಿ ಟೆಸ್ಟ್ ಇದೆ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ರಕ್ತದ ಟೆಸ್ಟ್ ಮೊದಲು ಬಿಡಿ. ಫುಡ್ ಅಲರ್ಜಿ ಪತ್ತೆಗೆ ರಕ್ತ, ಎಂಜಲು, ಕೂದಲು ಇವುಗಳ ಟೆಸ್ಟ್ ನಂಬೋ ಹಾಗಿಲ್ಲ, ಏನೂ ತೊಂದರೆ ಇಲ್ಲದ ನಾಯಿಗೂ ಪಾಸಿಟಿವ್ ಬರತ್ತೆ. ಗ್ರೇನ್ ಫ್ರೀ, ಅಂದ್ರೆ ಧಾನ್ಯ ಇಲ್ಲದ ಫುಡ್ ಅನ್ನೋದೂ ಊಹೆಯ ಮೇಲೆ ಹೊಡೆದ ಕಲ್ಲು. 2016ರಲ್ಲಿ ಬಂದ ಒಂದು ವಿಮರ್ಶೇಲಿ ಫುಡ್ ಅಲರ್ಜಿ ಇದ್ದ 297 ನಾಯಿಗಳ ಲೆಕ್ಕ ನೋಡಿದ್ರು, ಬೀಫ್ 34 ಪರ್ಸೆಂಟ್, ಹಾಲಿನ ಪದಾರ್ಥ 17, ಚಿಕನ್ 15, ಗೋಧಿ 13. ಅಂದ್ರೆ ಮುಂದಿರೋದು ಪ್ರಾಣಿಮೂಲದ ಪ್ರೊಟೀನು, ಧಾನ್ಯ ಹಿಂದೆ. ಹಾಗಂತ ಚಿಕನ್ ಒಂದನ್ನೇ ನಿಲ್ಲಿಸಿದ್ರೂ ಉತ್ತರ ಸಿಗಲ್ಲ, ಅವನಿಗೆ ಆಗದೇ ಇರೋದು ಹಾಲಿದ್ರೆ?

ಸರಿಯಾದ ದಾರಿ ಎಲಿಮಿನೇಷನ್ ಡಯಟ್. ಅವನು ಹುಟ್ಟಿದಾಗಿಂದ ಒಂದು ಸಲನೂ ತಿಂದಿರದ ಪ್ರೊಟೀನ್ ಇರೋ ಆಹಾರ, ಇಲ್ಲಾ ಹೈಡ್ರೊಲೈಸ್ಡ್ ಅಂತ ಪ್ರೊಟೀನ್ ತುಂಡು ತುಂಡು ಮಾಡಿರೋ ವೆಟರ್ನರಿ ಫುಡ್, ಎಂಟು ವಾರ ಅದೊಂದೇ. ಅದೊಂದೇ ಅಂದ್ರೆ ಅಕ್ಷರಶಃ ಅದೊಂದೇ. ಬಿಸ್ಕೆಟ್ ಇಲ್ಲ, ಹಾಲಿಲ್ಲ, ಊಟದ ತಟ್ಟೆಯಿಂದ ಒಂದು ತುತ್ತು ಇಲ್ಲ, ಮೂಳೆ ಆಟಿಕೆ ಇಲ್ಲ, ಚಿಕನ್ ಫ್ಲೇವರ್ ಹಾಕಿರೋ ಜಂತುಹುಳದ ಮಾತ್ರೆನೂ ಇಲ್ಲ. ಬಹಳ ಮನೆಗಳಲ್ಲಿ ಇದು ಹಾಳಾಗೋದು ಪ್ರೀತಿಯಿಂದಲೇ, ಅಜ್ಜಿ ತಾತ ಮಕ್ಕಳು ಯಾರೋ ಒಬ್ಬರು ಪಾಪ ಅಂತ ಒಂದು ಚೂರು ಹಾಕಿರ್ತಾರೆ. ಶುರು ಮಾಡೋ ಮುಂಚೆ ಮನೆಯವರನ್ನೆಲ್ಲ ಕೂರಿಸಿ ಹೇಳಿ. ಎಂಟು ವಾರದಲ್ಲಿ ನೆಕ್ಕೋದು ಕಮ್ಮಿ ಆದ್ರೆ ಅಲ್ಲಿಗೇ ನಿಲ್ಲಿಸದೆ ಹಳೇ ಊಟ ಮತ್ತೆ ಕೊಡಿ. ಇದನ್ನ ಯಾರೂ ಇಷ್ಟಪಡಲ್ಲ, ಗೊತ್ತು, ಆದ್ರೆ ಹಳೇ ಊಟಕ್ಕೆ ಸಾಮಾನ್ಯವಾಗಿ ಎರಡು ವಾರದೊಳಗೆ ಕೆರೆತ ತಿರುಗಿ ಬಂದ್ರೆ ಮಾತ್ರ ಫುಡ್ ಅಲರ್ಜಿ ಖಾತ್ರಿ. ಇಲ್ಲಾಂದ್ರೆ ಹವಾಮಾನ ಬದಲಾಗಿ ಕಮ್ಮಿ ಆಯ್ತೋ ಊಟದಿಂದಲೋ ಹೇಳೋಕಾಗಲ್ಲ.

ಡಯಟಿಂದ ಏನೂ ಬದಲಾಗದೆ, ಚಿಗಟ ನುಸಿ ಎಲ್ಲ ಇಲ್ಲ ಅಂತಾದ್ರೆ ಉಳಿಯೋದು ಅಟೋಪಿ, ಧೂಳಿನ ನುಸಿ ಪರಾಗ ಇಂಥವಕ್ಕೆ ಅಲರ್ಜಿ. ಆರು ತಿಂಗಳಿಂದ ಮೂರು ವರ್ಷದ ಒಳಗೆ ಶುರುವಾಗತ್ತೆ, ಪಾದ, ಕಿವಿ, ಕಂಕುಳು, ಹೊಟ್ಟೆ ಇದರ ಜಾಗಗಳು, ಲ್ಯಾಬ್ರಡಾರ್‌ಗಳಲ್ಲಿ ಜಾಸ್ತಿ. ಇದು ವಾಸಿ ಆಗಿಬಿಡೋ ಕಾಯಿಲೆ ಅಲ್ಲ, ಹಿಡಿತದಲ್ಲಿ ಇಟ್ಕೊಳ್ಳೋ ಕಾಯಿಲೆ. ಕೆರೆತ ನಿಲ್ಲಿಸೋ ಒಕ್ಲಾಸಿಟಿನಿಬ್ ಮಾತ್ರೆನ ಒಂದು ವರ್ಷ ತುಂಬದ ನಾಯಿಗೆ ಕೊಡಬಾರದು, ಇನ್ನೊಂದು ತಿಂಗಳಿದೆ ಅಷ್ಟೆ ಅಂತ ಒತ್ತಾಯ ಮಾಡಬೇಡಿ, ಮರಿಗಳಲ್ಲಿ ಅದರಿಂದ ಡೆಮೋಡೆಕ್ಸ್ ಎದ್ದಿರೋದಿದೆ. ಸದ್ಯಕ್ಕೆ ಹೊರಗಿಂದ ಬಂದ ಮೇಲೆ ಪಾದ ತೊಳೆದು ಬೆರಳ ಸಂದಿಯಲ್ಲಿ ಒಣಗಿಸಿ. ಕಿವಿಗೆ ಹಳೇ ಡ್ರಾಪ್ಸ್ ಹಾಕೋ ಬದಲು ಕಿವಿಯ ಗಲೀಜನ್ನ ಸ್ಲೈಡಲ್ಲಿ ನೋಡಿಸಿ, ಯೀಸ್ಟೋ ಬ್ಯಾಕ್ಟೀರಿಯಾನೋ ಅನ್ನೋದರ ಮೇಲೆ ಡ್ರಾಪ್ಸ್ ಬದಲಾಗತ್ತೆ.

ಪ್ರಶ್ನೆ: ಆರು ತಿಂಗಳ ಮರಿಯ ತಲೆ ಮೇಲೆ ದುಂಡಗೆ ಬೋಳಾಗಿ ಹೊಟ್ಟು ಏಳ್ತಿದೆ. ಡಾಕ್ಟ್ರು ನೀಲಿ ಲೈಟ್ ಬಿಟ್ಟು ನೋಡಿ ಹೊಳೀಲಿಲ್ಲ, ಹುಳಕಡ್ಡಿ ಅಲ್ಲ ಅಂದ್ರು. ಈಗ ಬೆಕ್ಕಿಗೂ, ನನ್ನ ಮಗನ ಕುತ್ತಿಗೆಗೂ ದುಂಡಗೆ ಬಂದಿದೆ.

ಉತ್ತರ: ಮೂರು ಜನಕ್ಕೆ ಬಂದಿದೆ ಅಂದ ಮೇಲೆ ಹುಳಕಡ್ಡಿ ಅಂತಲೇ ತಿಳ್ಕೊಂಡು ಮುಂದುವರೀರಿ. ಆ ವುಡ್ಸ್ ಲ್ಯಾಂಪ್ ಹೊಳಪು ತೋರಿಸೋದು ಮೈಕ್ರೋಸ್ಪೋರಮ್ ಕೇನಿಸ್ ಅನ್ನೋ ಒಂದು ಫಂಗಸ್‌ಗೆ ಮಾತ್ರ, ಅದರಲ್ಲೂ ಎಲ್ಲ ಸಲ ಅಲ್ಲ. ಮಣ್ಣಿಂದ, ಇಲಿಗಳಿಂದ ಬರೋ ಬೇರೆ ಫಂಗಸ್‌ಗಳು ಹೊಳೆಯೋದೇ ಇಲ್ಲ. ಅಂಚಿನ ಕೂದಲು ಹೊಟ್ಟು ತೆಗೆದು, ಲ್ಯಾಬಲ್ಲಿ ಫಂಗಸ್ ಬೆಳೆಸಿ ನೋಡೋ ಫಂಗಲ್ ಕಲ್ಚರ್‌ಗೆ ಕಳಿಸಿ ಅಂತ ಕೇಳಿ, ರಿಪೋರ್ಟ್‌ಗೆ ಎರಡು ಮೂರು ವಾರ ಹಿಡಿಯತ್ತೆ. ಕೂದಲೊಳಗೆ ಫಂಗಸ್ ಇರೋದ್ರಿಂದ ಹಚ್ಚೋ ಔಷಧಿ ಜೊತೆ ಸಾಮಾನ್ಯವಾಗಿ ಹೊಟ್ಟೆಗೂ ಇಟ್ರಾಕೊನಜೋಲ್ ಅಥವಾ ಟರ್ಬಿನಾಫಿನ್ ಬೇಕು. ಉದುರಿದ ಕೂದಲಲ್ಲಿರೋ ಫಂಗಸ್ ಬೀಜಾಣು ಒಂದು ವರ್ಷಕ್ಕಿಂತ ಹೆಚ್ಚು ಜೀವ ಹಿಡ್ಕೊಂಡಿರಬಲ್ಲದು, ಹಾಗಾಗಿ ಗುಡಿಸಿ ಕೂದಲು ತೆಗೆಯೋದು, ಸೋಪು ನೀರಲ್ಲಿ ಒರೆಸೋದು, ಬಟ್ಟೆ ಒಗೆಯೋದು ಔಷಧಿಯಷ್ಟೇ ಮುಖ್ಯ. ವಾಸಿ ಆಗೋ ತನಕ ಮರಿ, ಬೆಕ್ಕು ಎರಡನ್ನೂ ಸುಲಭವಾಗಿ ಒರೆಸಬಹುದಾದ ಒಂದು ರೂಮಲ್ಲಿ ಇಡಿ, ಆದ್ರೆ ಮರಿ ಜೊತೆ ಆಡೋದು ನಿಲ್ಲಿಸಬೇಡಿ, ದೊಡ್ಡವರು ಗ್ಲೌಸ್ ಹಾಕ್ಕೊಂಡು ಆಡಿ, ಆಮೇಲೆ ಕೈ ತೊಳೀರಿ. ಜನರ ಜೊತೆ ಬೆರೆಯೋದನ್ನ ಕಲಿಯೋ ವಯಸ್ಸು ಅದು. ಮಗನಿಗೆ ಮಕ್ಕಳ ಡಾಕ್ಟ್ರನ್ನೇ ತೋರಿಸಿ.

ಪ್ರಶ್ನೆ: ಒಬ್ಬರು ಹಳೇ ಎಂಜಿನ್ ಆಯಿಲ್, ಇನ್ನೊಬ್ಬರು ಟೀ ಟ್ರೀ ಆಯಿಲ್ ಹಚ್ಚಿ ಅಂದ್ರು, ನುಸಿ ಉಸಿರುಗಟ್ಟಿ ಸಾಯತ್ತಂತೆ.

ಉತ್ತರ: ಎರಡೂ ಬೇಡ, ಸೀಮೆಎಣ್ಣೆನೂ ಬೇಡ, ನೆಲ ಒರೆಸೋ ಫಿನಾಯಿಲ್‌ನಂತೂ ಹತ್ರಕ್ಕೂ ತರಬೇಡಿ. ನಾಯಿಯ ಮೇಲ್ಚರ್ಮ ನಮ್ಮದಕ್ಕಿಂತ ತೆಳು, ನಮ್ಮದರಲ್ಲಿರೋದಕ್ಕಿಂತ ಕಮ್ಮಿ ಪದರ, ಅದರಲ್ಲೂ ಕೆರೆದು ಗಾಯ ಆಗಿರೋ ಚರ್ಮದಿಂದ ಇವೆಲ್ಲ ಸೀದಾ ರಕ್ತಕ್ಕೆ ಹೋಗತ್ತೆ, ಮಿಕ್ಕಿದ್ದನ್ನ ಅದು ನೆಕ್ಕತ್ತೆ. ಟೀ ಟ್ರೀ ಆಯಿಲ್ ಶುದ್ಧ ರೂಪದಲ್ಲಿ ಹಚ್ಚಿದ್ರೆ ನಡುಕ, ತೂರಾಟ, ಕಾಲಲ್ಲಿ ಶಕ್ತಿ ಇಲ್ಲದಿರೋದು ಆಗತ್ತೆ. ಈಗಾಗಲೇ ಹಚ್ಚಿದ್ರೆ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್ ಹಾಕಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ. ಬಾಟಲಿನೂ ಜೊತೇಲಿ ತಗೊಂಡು ಹೋಗಿ.

ಪ್ರಶ್ನೆ: ನಮ್ಮ ರಾಣಿಗೆ ಏಳು ತಿಂಗಳಲ್ಲಿ ಮೈಪೂರ್ತಿ ಡೆಮೋಡೆಕ್ಸ್ ಬಂದಿತ್ತು. ಮಾತ್ರೆಯಿಂದ ಕೂದಲೆಲ್ಲ ವಾಪಸ್ ಬಂದಿದೆ, ಈಗ ನಿಲ್ಲಿಸಬಹುದಾ? ಮುಂದಿನ ವರ್ಷ ಮರಿ ಹಾಕಿಸಬೇಕು ಅಂತಿದೀವಿ.

ಉತ್ತರ: ಕೂದಲು ಬಂತು ಅಂದ ಕೂಡ್ಲೆ ನಿಲ್ಲಿಸಬೇಡಿ, ನೋಡೋಕೆ ಚೆನ್ನಾಗಿ ಕಂಡ ಮೇಲೂ ಬುಡದಲ್ಲಿ ನುಸಿ ಇರತ್ತೆ. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಸ್ಕ್ರೇಪಿಂಗ್ ಮಾಡಿಸಿ, ಎರಡರಲ್ಲೂ ಒಂದು ನುಸಿ, ಒಂದು ಮೊಟ್ಟೆನೂ ಸಿಗದಿದ್ರೆ ಆಗ ನಿಲ್ಲಿಸಬಹುದು. ಅದಾದ ಮೇಲೂ ಒಂದು ವರ್ಷ ಗಮನ ಇಟ್ಟಿರಿ. ಮರಿ ಹಾಕಿಸೋದು ಮಾತ್ರ ಬೇಡ. ಚಿಕ್ಕ ವಯಸ್ಸಲ್ಲಿ ಮೈಪೂರ್ತಿ ಬರೋ ಡೆಮೋಡೆಕ್ಸ್ ಹಿಂದೆ ವಂಶದಿಂದ ಬರೋ ದೌರ್ಬಲ್ಯ ಇರತ್ತೆ, ರಾಣಿ ಗುಣ ಆದ್ರೂ ಅದನ್ನ ಮರಿಗಳಿಗೆ ದಾಟಿಸ್ತಾಳೆ, ಅವಳ ಅಪ್ಪ ಅಮ್ಮನಿಂದಲೂ ಮತ್ತೆ ಮರಿ ಮಾಡಿಸಬಾರದು. ಹೀಟ್ (ಬೆದೆಗೆ ಬರೋದು), ಗರ್ಭ ಇವುಗಳ ಒತ್ತಡದಲ್ಲಿ ಅವಳಿಗೇ ಮತ್ತೆ ಮರುಕಳಿಸಬಹುದು. ಚರ್ಮ ಪೂರ್ತಿ ಸರಿಹೋದ ಮೇಲೆ, ಮುಂದಿನ ಹೀಟ್‌ಗೆ ಮುಂಚೆ, ಆಪರೇಷನ್ ಮಾಡಿಸಿ. ರಾಣಿನ ನಿಮಗೆ ಕೊಟ್ಟವರಿಗೂ ಈ ವಿಷಯ ತಿಳಿಸಿ, ಅವಳ ಜೊತೆ ಹುಟ್ಟಿದ ಮಿಕ್ಕ ಮರಿಗಳು ಯಾರ ಮನೇಲಿವೆಯೋ ಅವರೂ ಒಂದ್ಸಲ ಮೈ ನೋಡ್ಕೊಳ್ಳಲಿ.